ಫುಲ್ ವಿಡಿಯೋನ ಕಮ್ಮಿ ರೇಟಿನ ಪ್ಯಾಕೇಜಿಂದ ತೆಗೀಬೇಡಿ ಬ್ರದರ್

ನಿಮ್ಮ ಮದ್ವೆ ವಿಡಿಯೋ ರೇಟ್ ಕಾರ್ಡ್ ನೋಡ್ದೆ ಬ್ರದರ್. ಕಮ್ಮಿ ರೇಟಿನ ಸಿಲ್ವರ್ ಪ್ಯಾಕೇಜಿಗೆ ಐದು ನಿಮಿಷದ ಹೈಲೈಟ್ ಮಾತ್ರ, ಫುಲ್ ವಿಡಿಯೋ ಬೇಕಂದ್ರೆ ಗೋಲ್ಡ್ ಪ್ಯಾಕೇಜ್, ಎಲ್ಲದಕ್ಕೂ ಎಂಟು ಗಂಟೆ, ಡ್ರೋನ್ ಫ್ರೀ ಅಂತ ಹಾಕಿದ್ದೀರ. ಹೈಲೈಟ್ ಮಾತ್ರ ಅನ್ನೋ ಪ್ಯಾಕೇಜ್ ನಾನೂ ಇಟ್ಟು ಕೈ ಸುಟ್ಕೊಂಡಿದ್ದೀನಿ, ಅದಕ್ಕೇ ಬರೀತಿದ್ದೀನಿ.

ವಾಟ್ಸಾಪಲ್ಲಿ ವಿಚಾರಿಸೋದು ಹುಡುಗ ಹುಡುಗಿ, ಅವ್ರಿಗೆ ರೀಲ್ಸ್ ಥರ ಇದ್ರೆ ಸಾಕು. ದುಡ್ಡು ಕೊಡೋದು ಅಪ್ಪ ಅಮ್ಮ. ಮಂಡ್ಯ ಕಡೆ ಒಂದ್ ಮದ್ವೇಲಿ ಹೈಲೈಟ್ ಸಾಕು ಅಂದ್ರು ಅಂತ ಗಿಂಬಲ್ (ಕ್ಯಾಮೆರಾ ಅಲುಗದಂಗೆ ಹಿಡಿಯೋ ಹಿಡಿ) ಹಿಡ್ಕೊಂಡು ಬಳೆ, ಬಾಸಿಂಗ, ಬೀಳ್ತಿರೋ ಅಕ್ಷತೆ ಎಲ್ಲಾ ಸ್ಲೋ ಮೋಷನ್ನಲ್ಲೇ ತೆಗೆದೆ. ಪೆನ್‌ಡ್ರೈವ್ ಕೊಟ್ಟ ಮೇಲೆ ಹುಡುಗಿ ಅಪ್ಪ ಕೇಳಿದ್ದು, ಧಾರೆ ಎಲ್ಲಪ್ಪ? ಕಾಯಿ ಹಿಡಿದ ಕೈ ಮೇಲೆ ನೆಂಟ್ರೆಲ್ಲ ಸಾಲಾಗಿ ಬಂದು ಹಾಲು ಬಿಟ್ಟಿದ್ರು, ಅದ್ರಲ್ಲಿ ಅವರ ವಯಸ್ಸಾದ ಅಕ್ಕನೂ ಇದ್ರು. ನನ್ ಹತ್ರ ಇದ್ದಿದ್ದು ಆಕೆ ಕೈ ಮಾತ್ರ, ಮುಖ ಇಲ್ಲ. ಸೋನಿ ಕ್ಯಾಮೆರಾದಲ್ಲಿ ಸ್ಲೋ ಮೋಷನ್ ತೆಗೆಯೋ ಎಸ್ ಅಂಡ್ ಕ್ಯೂ ಮೋಡಲ್ಲಿ ಸೌಂಡ್ ರೆಕಾರ್ಡ್ ಆಗಲ್ಲ, ಹಂಗಾಗಿ ಗಟ್ಟಿಮೇಳಾನೂ ಇಲ್ಲ. ಅವ್ರು ಬಾಕಿ ದುಡ್ಡು ಕೊಟ್ರು, ಆದ್ರೆ ಆ ಮನೆಯಿಂದ ಇನ್ನೊಂದ್ ಫೋನ್ ಬರ್ಲಿಲ್ಲ.

ಆಮೇಲಿಂದ ನನ್ ಕಮ್ಮಿ ರೇಟಿನ ಪ್ಯಾಕೇಜೇ ಸಂಜೆ ರಿಸೆಪ್ಷನ್ ಪ್ಲಸ್ ಬೆಳಗ್ಗೆ ಮುಹೂರ್ತ, ಟ್ರೈಪಾಡ್ ಮೇಲೆ ಶಾಸ್ತ್ರವೆಲ್ಲ ಪೂರ್ತಿ ತೆಗೆಯೋ ಒಂದ್ ಟ್ರೆಡಿಷನಲ್ ಕ್ಯಾಮೆರಾ, ಫುಲ್ ಲೆಂತ್. ಅದನ್ನ ಯಾರಿಗೂ ಕಟ್ ಮಾಡಲ್ಲ. ಎರಡನೇದ್ರಲ್ಲಿ ಪೋಸ್ ಕೊಡಿಸ್ದೆ ಸಹಜವಾಗಿ ತೆಗೆಯೋ ಕ್ಯಾಂಡಿಡ್ ಕ್ಯಾಮೆರಾ, ಹೈಲೈಟ್, ಟೀಸರ್ ಸೇರುತ್ತೆ. ಮೂರನೇದಕ್ಕೆ ಚಪ್ಪರ, ಅರಿಶಿನ, ಬೀಗರ ಊಟ. ಮೂರೇ ಸಾಕು, ಐದಾರು ಇಟ್ರೆ ಜನ ಅದರಿಂದ ಇದು ಇದರಿಂದ ಅದು ಅಂತ ಕಿತ್ತು ಚೌಕಾಸಿ ಮಾಡ್ತಾರೆ. ಎಲ್‌ಇಡಿ ವಾಲ್, ಲೈವ್, ಪ್ರೀ ವೆಡ್ಡಿಂಗ್ ಎಲ್ಲಾ ಹೊರಗಡೆ, ಪ್ರತಿಯೊಂದಕ್ಕೂ ಬೇರೆ ರೇಟು.

ಗಂಟೆ ಲೆಕ್ಕ ದಯವಿಟ್ಟು ಬಿಡಿ. ಒಬ್ರಿಗೆ ಬೆಳಗಿನ ಜಾವ ಮುಹೂರ್ತ, ಇನ್ನೊಬ್ರಿಗೆ ಅಭಿಜಿನ್ ಲಗ್ನ ಅಂತ ಮಧ್ಯಾಹ್ನ, ಎಂಟು ಗಂಟೆ ಮುಗೀತು ಅಂತ ಸಪ್ತಪದಿ ಮಧ್ಯೆ ಕ್ಯಾಮೆರಾ ಎತ್ಕೊಂಡ್ ಹೋಗ್ತೀರಾ? ಲಗ್ನಪತ್ರಿಕೆ ಕಳ್ಸಿ ಅನ್ನಿ, ನೋಡಿ ಆಮೇಲೆ ರೇಟ್ ಹೇಳಿ. ಇದು ಬೆಂಗಳೂರು ಮೈಸೂರು ಕಡೆ ಲೆಕ್ಕ. ಮುಹೂರ್ತ ಆದ್ಮೇಲೆ ಆರತಕ್ಷತೆ ಮಾಡೋ ಕಡೆ, ನಿಕಾಹ್, ಚರ್ಚ್ ಮದ್ವೆಗಳಿಗೆ ಕಾರ್ಯಕ್ರಮ ನಡೆಯೋ ಕ್ರಮಾನೇ ಬೇರೆ, ಕೇಳ್ಕೊಂಡು ಮಾಡಿ.

ಟ್ರೈಪಾಡ್ ಎಲ್ಲಿ ನಿಲ್ಲುತ್ತೆ ಅಂತ ಪುರೋಹಿತರಿಗೆ, ಕ್ಯಾಂಡಿಡ್ ಹುಡುಗನಿಗೆ ಇಬ್ರಿಗೂ ಮುಂಚೆನೇ ಹೇಳಿಡಿ, ಮಾಂಗಲ್ಯಧಾರಣೆ ಟೈಮಲ್ಲಿ ಫ್ರೇಮಿಗೆ ಅಡ್ಡ ಬರೋದು ಜಾಸ್ತಿ ನಮ್ಮೋರೇ. ವಾಲಗದ ಪಕ್ಕ ಕ್ಯಾಮೆರಾ ಮೈಕ್ ನಂಬ್ಬೇಡಿ, ಪುರೋಹಿತರ ಶಲ್ಯಕ್ಕೆ ಒಂದ್ ವೈರ್‌ಲೆಸ್ ಮೈಕ್ ಸಿಕ್ಕಿಸಿ. ನನಗೆ ರೋಡ್ ಕಂಪನಿ ವೈರ್‌ಲೆಸ್ ಗೋ 2 ಇಷ್ಟ, ಒಳಗಿನ ರೆಕಾರ್ಡಿಂಗ್ ಆನ್ ಮಾಡಿಟ್ರೆ ಸಿಗ್ನಲ್ ಕಟ್ ಆದ್ರೂ ಟ್ರಾನ್ಸ್‌ಮಿಟರ್ ಒಳಗೇ ರೆಕಾರ್ಡ್ ಆಗಿರುತ್ತೆ. ವಿಡಿಯೋಲಿ ಸ್ಟೇಜ್ ಲೈಟ್ ಮಿಣಮಿಣ ಅಂದ್ರೆ ಮೊದ್ಲು ಕ್ಯಾಮೆರಾ ಶಟರ್ ಸ್ಪೀಡ್ 1/50 ಸೆಕೆಂಡಿಗೆ ತನ್ನಿ.

ಡ್ರೋನ್ ಫ್ರೀ ಅಂತ ಮಾತ್ರ ಹಾಕ್ಲೇಬೇಡಿ. ಯಲಹಂಕ, ದೇವನಹಳ್ಳಿ, ಎಚ್‌ಎಎಲ್ ಸುತ್ತ ಏರ್‌ಪೋರ್ಟ್, ಏರ್‌ಫೋರ್ಸ್ ಬೇಸ್ ಇದೆ, ಛತ್ರ ರೆಡ್ ಝೋನಲ್ಲಿದ್ರೆ (ಡ್ರೋನ್‌ಗೆ ನಿಷೇಧ ಇರೋ ಜಾಗ) ಪರ್ಮಿಷನ್ ಇಲ್ದೆ ಹಾರ್ಸಂಗಿಲ್ಲ, 2021ರ ಡ್ರೋನ್ ರೂಲ್ಸ್ ಓದ್ಕೊಳ್ಳಿ, ಡ್ರೋನ್ ಝೋನ್ ಮ್ಯಾಪ್ ನೋಡಿ. ಫ್ರೀ ಅಂದಿದ್ದು ಕೊಡೋಕಾಗ್ಲಿಲ್ಲ ಅಂದ್ರೂ ಪೇಮೆಂಟಲ್ಲಿ ಮುರ್ಕೋತಾರೆ.

ಎಡಿಟಿಂಗ್ ಕರೆಕ್ಷನ್ ಎರಡೇ ಸಲ ಅಂತ ಕೊಟೇಶನಲ್ಲೇ ಬರೀರಿ. ಫೂಟೇಜ್ ಎಷ್ಟ್ ದಿನ ಇಟ್ಕೋತೀರ ಅಂತಾನೂ. 4ಕೆ ವಿಡಿಯೋನ 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ತೆಗೆದ್ರೆ ಗಂಟೆಗೆ 45 ಜಿಬಿ, ಎರಡು ಕ್ಯಾಮೆರಾ, ಎರಡು ಬ್ಯಾಕಪ್, ಹಾರ್ಡ್ ಡಿಸ್ಕ್ ಖರ್ಚು ರೇಟಲ್ಲಿ ಸೇರಿಸಿಲ್ಲ ಅಂದ್ರೆ ನಿಮ್ ಜೇಬಿಂದಾನೇ. ಕಡೇ ಕಂತು ಫೈನಲ್ ಪೆನ್‌ಡ್ರೈವ್ ಕೊಡೋ ಮುಂಚೆ ಇಸ್ಕೊಳ್ಳಿ.

ಆ ಪೆನ್‌ಡ್ರೈವ್ ಬಗ್ಗೆ ಇನ್ನೊಂದು. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟಲ್ಲಿದ್ರೆ 4 ಜಿಬಿ ಮೇಲಿನ ಫೈಲ್ ಕೂರಲ್ಲ, ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಮಾಡಿದ್ರೆ ಎಷ್ಟೋ ಹಳೇ ಟಿವಿ ಓದಲ್ಲ. ರಿಸೆಪ್ಷನ್, ಧಾರೆ, ಬೀಗರ ಊಟ ಅಂತ ತುಂಡು ಮಾಡಿ, ಒಂದೊಂದೂ 4 ಜಿಬಿ ಒಳಗಿಟ್ಟು ಕೊಡಿ, ಅವ್ರ ಮನೆ ಟಿವಿಗೇ ಹಾಕಿ ನೋಡ್ಕೊಂಡು ಬನ್ನಿ.