ಓದುಗರ ಪ್ರಶ್ನೆ: ಪರಿಹಾರ ಅಂದರೆ ಬರೀ ದುಡ್ಡೇ?

ಪ್ರಶ್ನೆ: ಯುದ್ಧದಲ್ಲಿ ಅತ್ಯಾಚಾರಕ್ಕೊಳಗಾದ ಹೆಣ್ಣುಮಕ್ಕಳಿಗೆ ಕೆಲವು ದೇಶಗಳಲ್ಲಿ ಪರಿಹಾರ ಕೊಡುತ್ತಾರಂತೆ. ದುಡ್ಡು ಕೊಟ್ಟು ಬಾಯಿ ಮುಚ್ಚಿಸಿದ ಹಾಗಾಗುವುದಿಲ್ಲವೇ? ಅಷ್ಟು ವರ್ಷದ ಮೇಲೆ ಸಾಕ್ಷಿ ಎಲ್ಲಿಂದ ತರುವುದು?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ನಿಮ್ಮ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೇನೆ ಲೈಂಗಿಕ ಗುಲಾಮಗಿರಿಗೆ ತಳ್ಳಿದ ಮಹಿಳೆಯರಿಗೆಂದು 1995ರಲ್ಲಿ ಏಷ್ಯನ್ ವಿಮೆನ್ಸ್ ಫಂಡ್ ಶುರುವಾಯಿತು. ತಲಾ 20 ಲಕ್ಷ ಯೆನ್, ಜೊತೆಗೆ ಪ್ರಧಾನಿ ಸಹಿಯ ಕ್ಷಮಾಪತ್ರ. ಆದರೆ ಆ 20 ಲಕ್ಷ ಯೆನ್ ಜನರ ದೇಣಿಗೆಯಿಂದ ಬಂದದ್ದು, ಖಜಾನೆಯದಲ್ಲ. ಸರ್ಕಾರ ಕಾನೂನಿನ ಹೊಣೆ ಹೊರಲಿಲ್ಲವೆಂದು ಕೊರಿಯಾದ ಬಹಳಷ್ಟು ಅಜ್ಜಿಯರು ಅದನ್ನು ಮುಟ್ಟಲೇ ಇಲ್ಲ. ವಿಶ್ವಸಂಸ್ಥೆಯ 2005ರ ಮಾರ್ಗಸೂಚಿಯಲ್ಲಿ ಹಣ ಐದು ಬಗೆಯ ಪರಿಹಾರಗಳಲ್ಲಿ ಒಂದಷ್ಟೇ. ಕಳೆದುಕೊಂಡದ್ದನ್ನು ಆದಷ್ಟು ಮರಳಿಸುವುದು, ಚಿಕಿತ್ಸೆ ಮತ್ತು ಪುನರ್ವಸತಿ, ಬಹಿರಂಗ ತಪ್ಪೊಪ್ಪಿಗೆ, ಮತ್ತೆ ಹಾಗಾಗದಂತೆ ಖಾತ್ರಿ, ಇವು ಉಳಿದವು.

ಸಾಕ್ಷಿಯ ವಿಷಯದಲ್ಲೇ ಹೆಚ್ಚಿನ ಕಾನೂನುಗಳು ಎಡವುವುದು. ಬೋಸ್ನಿಯಾದಲ್ಲಿ ಯುದ್ಧದ ನಾಗರಿಕ ಸಂತ್ರಸ್ತರು ಮಾಸಾಶನಕ್ಕೆ ದೇಹಕ್ಕೆ ಶೇ. 60ರಷ್ಟು ಹಾನಿ ತೋರಿಸಬೇಕಿತ್ತು. ಅತ್ಯಾಚಾರದ ಗಾಯವನ್ನು ಆ ತಕ್ಕಡಿಯಲ್ಲಿ ತೂಗುವುದು ಹೇಗೆ? 2006ರಲ್ಲಿ ಆ ದೇಶದ ಎರಡು ಮುಖ್ಯ ಭಾಗಗಳಲ್ಲಿ ಒಂದಾದ ಫೆಡರೇಷನ್, ಅತ್ಯಾಚಾರಕ್ಕೊಳಗಾದವರನ್ನು ಪ್ರತ್ಯೇಕ ವರ್ಗ ಮಾಡಿ ಆ ಷರತ್ತು ಕೈಬಿಟ್ಟಿತು. ಕೊಸೊವೊದಲ್ಲಿ 2018ರಿಂದ ಅರ್ಜಿ ತೆಗೆದುಕೊಂಡರು. ಮೊದಲಿಗೆ ತಿಂಗಳಿಗೆ 230 ಯೂರೋ. ಕಚೇರಿಗೇ ಹೋಗಬೇಕೆಂದಿಲ್ಲ, ಮಾನ್ಯತೆ ಪಡೆದ 4 ಸಂಸ್ಥೆಗಳ ಮೂಲಕವೂ ಅರ್ಜಿ ಹಾಕಬಹುದಿತ್ತು. ಊರಿನ ಕಣ್ಣು ತಪ್ಪಿಸಲು ಇದಕ್ಕಿಂತ ಒಳ್ಳೆಯ ದಾರಿ ನಮಗೆ ತೋಚದು. ಕೊರತೆಯೂ ಇದೆ: ಯುದ್ಧ ಮುಗಿದ ದಿನವೆಂದು ಹಿಡಿದ 1999ರ ಜೂನ್ 20ರ ನಂತರ ನಡೆದದ್ದು ಲೆಕ್ಕಕ್ಕಿಲ್ಲ. ಇರಾಕ್ 2021ರಲ್ಲಿ, ಐಸಿಸ್ ಉಗ್ರರು ಗುಲಾಮರಾಗಿಸಿದ್ದ ಯಾಜಿದಿ ಅಲ್ಪಸಂಖ್ಯಾತ ಸಮುದಾಯದ ಮಹಿಳೆಯರಿಗಾಗಿ ಒಳ್ಳೆಯ ಕಾನೂನನ್ನೇ ತಂದಿತು. ಆದರೆ ಜಾರಿಗೆ ತರುವವರು ಮೊದಲು ಕ್ರಿಮಿನಲ್ ದೂರು ಕೊಟ್ಟು ಬನ್ನಿ ಎಂದರು. ಕಾನೂನು ಕೊಟ್ಟದ್ದನ್ನು ಕೌಂಟರ್ ಕಿತ್ತುಕೊಂಡಿತು.

ಪ್ರಶ್ನೆ: ಯುದ್ಧದ ಮಾತು ಇರಲಿ, ನಮ್ಮ ಹಾಸನ ಜಿಲ್ಲೆಯಲ್ಲಿ ಇಂಥ ಅನ್ಯಾಯಕ್ಕೆ ಒಳಗಾದವರು ಎಲ್ಲಿಗೆ ಹೋಗಬೇಕು?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಅಷ್ಟು ದೂರ ಆಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್. ಹೆಣ್ಣುಮಕ್ಕಳಿಗೆ ವಕೀಲರ ಫೀಸು ಇಲ್ಲ. ಅರ್ಜಿ ಜೊತೆ ಎಫ್‌ಐಆರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಇಡಿ. ತೀರ್ಪು ಬರಲಿ ಎಂದು ಕಾಯುವುದೇ ಜನ ಮಾಡುವ ದೊಡ್ಡ ತಪ್ಪು. ಆರೋಪಿ ಪತ್ತೆಯಾಗದಿದ್ದರೂ ಪರಿಹಾರ ಕೇಳಬಹುದು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ. ಘಟನೆ ನಡೆದ ಅಥವಾ ವಿಚಾರಣೆ ಮುಗಿದ 3 ವರ್ಷದೊಳಗೆ ಅರ್ಜಿ ಹಾಕಬೇಕು. ತಡವಾದರೆ ಕಾರಣ ಬರೆದು ಮನ್ನಾ ಕೇಳಿ.

ಮಂಜೂರಾದ ಹಣವೆಲ್ಲ ಒಟ್ಟಿಗೆ ಕೈಗೆ ಬರದು. ಸಾಮಾನ್ಯವಾಗಿ ಶೇ. 75 ಭಾಗ ಕನಿಷ್ಠ 3 ವರ್ಷ ಎಫ್‌ಡಿಯಲ್ಲಿರುತ್ತದೆ, ಶೇ. 25 ಖರ್ಚಿಗೆ. ಜಂಟಿ ಖಾತೆಗೂ ಅವಕಾಶವಿದೆ, ನಾವು ಬೇಡ ಎನ್ನುತ್ತೇವೆ. ಖಾತೆ ಆಕೆಯೊಬ್ಬಳ ಹೆಸರಲ್ಲಿರಲಿ, ಎಟಿಎಂ ಕಾರ್ಡೂ ಆಕೆಯ ಹತ್ತಿರವೇ ಇರಲಿ, ಅಣ್ಣನ ಜೇಬಿನಲ್ಲಲ್ಲ.