ಸ್ಟೀರಿಂಗ್‌ನಲ್ಲಿ ಆಟ, ತಗ್ಗಿನಲ್ಲಿ ಟಕ್ ಟಕ್ ಸದ್ದು: ಹೋಗಿರುವುದು ಟೈ ರಾಡ್ ಎಂಡ್ ಇರಬಹುದೇ, ಇಡೀ ರ‍್ಯಾಕ್ ಬದಲಿಸಬೇಕೇ?

ರ‍್ಯಾಕ್ ಬದಲಿಸಲು ಒಪ್ಪುವ ಮೊದಲು ಇಷ್ಟು ನೋಡಿ. (ಸ್ಟೀರಿಂಗ್ ತಿರುಗಿಸಿದಂತೆ ಎಡ-ಬಲ ಸರಿಯುವ ದಂಡವೇ ರ‍್ಯಾಕ್. ಅದನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ನ ಹೊರತುದಿಯ ಜಾಯಿಂಟ್ ಟೈ ರಾಡ್ ಎಂಡ್.) ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಚಕ್ರ ಜಾಕ್‌ನಲ್ಲಿ ಎತ್ತಿ, ಸ್ಟ್ಯಾಂಡ್ ಕೊಡಿ. ಚಕ್ರದ ಎಡ-ಬಲ ಅಂಚು ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ (ಸಡಿಲ ಅಲುಗಾಟ) ಸಿಕ್ಕರೆ ಟೈ ರಾಡ್ ಎಂಡ್ ಅಥವಾ ಅದೇ ರಾಡ್‌ನ ಒಳತುದಿಯ ರ‍್ಯಾಕ್ ಎಂಡ್. ಮೇಲೆ-ಕೆಳಗೆ ಹಿಡಿದಾಗ ಸಿಕ್ಕರೆ ವೀಲ್ ಬೇರಿಂಗ್ ಅಥವಾ ಲೋವರ್ ಬಾಲ್ ಜಾಯಿಂಟ್ (ಚಕ್ರವನ್ನು ಕೆಳಗಿನಿಂದ ಸಸ್ಪೆನ್ಷನ್‌ಗೆ ಜೋಡಿಸುವ ಗುಂಡು ಕೀಲು). ಒಬ್ಬರು ಅಲ್ಲಾಡಿಸುತ್ತಿರಲಿ, ನೀವು ಜಾಯಿಂಟ್ ಮೇಲೆ ಬೆರಳಿಡಿ. ಸವೆದದ್ದು ಟಕ್ಕೆಂದು ಕೈಗೆ ತಿಳಿಯುತ್ತದೆ.

ಕಲಬುರಗಿ, ಯಾದಗಿರಿ ಕಡೆಯ ಎರೆ ನೆಲ ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವುದರಿಂದ ರಸ್ತೆ ಏರುಪೇರಾಗಿ ಜಾಯಿಂಟ್‌ಗೆ ಹೊಡೆತ ಹೆಚ್ಚು. ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಹರಿದಿದ್ದರಂತೂ ಕೆಸರು, ಧೂಳು ಗ್ರೀಸ್‌ನೊಂದಿಗೆ ಬೆರೆತು ಒಳಗಿನ ಗುಂಡು (ಬಾಲ್) ಅನ್ನು ಉಜ್ಜಿ ತಿನ್ನುತ್ತದೆ.

ಟೈ ರಾಡ್ ಎಂಡ್ ಬದಲಿಸುವಾಗ ಮೊದಲು ಲಾಕ್ ನಟ್ (ಟೈ ರಾಡ್ ಮೇಲೆ ಎಂಡ್ ಅನ್ನು ಬಿಗಿ ಹಿಡಿಯುವ ನಟ್) ಕಾಲು ಸುತ್ತು ಸಡಿಲಿಸಿ. ಕಾಟರ್ ಪಿನ್ (ನಟ್ ತಿರುಗದಂತೆ ತಡೆಯುವ ಪಿನ್) ತೆಗೆದು, ಎಂಡ್‌ನ ಬೋಲ್ಟ್ ಮೇಲಿನ ನಟ್ ಬಿಚ್ಚಿ, ಚಕ್ರವನ್ನು ಹೊತ್ತ ಭಾಗವಾದ ನಕಲ್‌ನ ಕಣ್ಣಿನ (ಆ ಬೋಲ್ಟ್ ಕೂರುವ ತೂತಿನ) ಪಕ್ಕಕ್ಕೆ ಸುತ್ತಿಗೆಯಿಂದ ಹೊಡೆಯಿರಿ, ಬಿಗಿದು ಕೂತ ಟೇಪರ್ (ಬೋಲ್ಟ್‌ನ ಓರೆ ಭಾಗ) ಬಿಡುತ್ತದೆ. ಬೋಲ್ಟ್ ತುದಿಗೆ ಹೊಡೆದರೆ ಥ್ರೆಡ್ ಕೆಡುತ್ತದೆ. ಹಳೆಯದನ್ನು ಬಿಚ್ಚುವಾಗ ಸುತ್ತು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿ. ಬೋಲ್ಟ್ ಮೇಲಿನ ನಟ್ ಅನ್ನು ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೆ ಬಿಗಿಸಿ. ಪಿನ್ ತೂತು ಎದುರಿಗೆ ಬಾರದಿದ್ದರೆ ಇನ್ನೂ ತುಸು ಬಿಗಿಸಬೇಕು, ಹಿಂದಕ್ಕೆ ಸಡಿಲಿಸಲೇಬಾರದು. ಪಿನ್ ಹೊಸದೇ ಇರಲಿ. ಈ ಜಾಯಿಂಟ್ ಕಳಚಿದರೆ ಆ ಚಕ್ರ ನಿಮ್ಮ ಹಿಡಿತದಲ್ಲಿ ಇರುವುದಿಲ್ಲ.

ಸುತ್ತು ಎಣಿಸಿ ಹಾಕಿದರೂ ಟೋ (ಮುಂಚಕ್ರಗಳು ಒಳಕ್ಕೋ ಹೊರಕ್ಕೋ ವಾಲಿ ನೋಡುವ ಕೋನ) ನಿಖರವಾಗಿ ಕೂಡುವುದಿಲ್ಲ. ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿ, ಇಲ್ಲವಾದರೆ ಟೈರ್‌ನ ಒಂದು ಅಂಚು ಬೇಗ ಸವೆಯುತ್ತದೆ.

ಚಕ್ರಗಳಲ್ಲಿ ಆಟವೇ ಇಲ್ಲ, ಸ್ಟೀರಿಂಗ್ ಮಾತ್ರ ಸಡಿಲ ಎಂದಾದರೆ ಕಾಲಮ್ (ಸ್ಟೀರಿಂಗ್‌ನಿಂದ ಕೆಳಗಿಳಿಯುವ ದಂಡ) ಕೆಳಗಿನ ಯೂನಿವರ್ಸಲ್ ಜಾಯಿಂಟ್ (ಬಾಗುವ ಕೀಲು) ನೋಡಿ. ಅದೂ ಗಟ್ಟಿಯಿದ್ದರೆ ಆಗ ರ‍್ಯಾಕ್ ಬಿಚ್ಚಿಸಿ.