ಗೀಳಿಗೆ ಟಿಎಂಎಸ್: ಯಂತ್ರವೊಂದೇ ಸಾಕೇ?

ಪ್ರಶ್ನೆ: ಮಗನಿಗೆ 26 ವರ್ಷ. ತೋಟಕ್ಕೆ ಹೊಡೆದ ಔಷಧಿ ಮೈಗೆ ಅಂಟಿದೆ ಎಂಬ ಭಯ. ಸ್ನಾನ, ಕೈತೊಳೆಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ಒಸಿಡಿ, ಅಂದರೆ ಗೀಳು ಕಾಯಿಲೆ ಎಂದಿದ್ದಾರೆ. ಮಾತ್ರೆ, ಕೌನ್ಸೆಲಿಂಗ್ ಎರಡೂ ಆಗಿವೆ. ಈಗ ಬೆಂಗಳೂರಿನಲ್ಲಿ ಟಿಎಂಎಸ್ (ಮೆದುಳಿಗೆ ಕಾಂತೀಯ ಮಿಡಿತ ಕೊಡುವ ಚಿಕಿತ್ಸೆ) ಮಾಡಿಸಿ ಎನ್ನುತ್ತಾರೆ. ಇದು ಶಾಕ್ ಟ್ರೀಟ್‌ಮೆಂಟೇ? ಇದಾದ ಮೇಲೂ ಥೆರಪಿ ಬೇಕೇ?
– ಮೂಡಿಗೆರೆಯ ಓದುಗರು

ಉತ್ತರ: ಶಾಕ್ ಅಲ್ಲ. ಅರಿವಳಿಕೆ ಕೊಡುವುದಿಲ್ಲ, ಮಗ ಎಚ್ಚರವಾಗಿಯೇ ಕುಳಿತಿರುತ್ತಾನೆ. ತಲೆಯ ಮೇಲಿಟ್ಟ ತಂತಿಯ ಸುರುಳಿಯಿಂದ (ಕಾಯಿಲ್) ಕಾಂತೀಯ ಮಿಡಿತಗಳು ಹೋಗುತ್ತವೆ. ಟಕಟಕ ಸದ್ದಿಗೆ ಕಿವಿಗೆ ಪ್ಲಗ್ ಹಾಕುತ್ತಾರೆ. ಮೊದಮೊದಲು ತಲೆನೋವು ಬರಬಹುದು.

ಹೊರಡುವ ಮುನ್ನ ಎರಡು ವಿಷಯ ನೋಡಿ. ಮಾತ್ರೆ ಪೂರ್ತಿ ಪ್ರಮಾಣಕ್ಕೆ ಏರಿತ್ತೇ? ಗೀಳಿಗೆ ಸರ್ಟ್ರಾಲಿನ್ ಎಂಬ ಮಾತ್ರೆಯನ್ನು ಹಲವರಲ್ಲಿ 200 ಮಿಲಿಗ್ರಾಂವರೆಗೆ ಒಯ್ದು, 10–12 ವಾರ ಕಾಯಬೇಕಾಗುತ್ತದೆ. 50ರಲ್ಲೇ ನಿಲ್ಲಿಸಿ ‘ಕೆಲಸ ಮಾಡಲಿಲ್ಲ’ ಎಂದವರು ಬಹಳ. ಏರಿಸುವ ತೀರ್ಮಾನ ಮಾತ್ರ ವೈದ್ಯರದೇ ಆಗಿರಲಿ.

ಎರಡನೆಯದು, ಕೌನ್ಸೆಲಿಂಗ್‌ನಲ್ಲಿ ನಡೆದದ್ದೇನು? ಬರೀ ಧೈರ್ಯ ಹೇಳಿ ಕಳಿಸಿದ್ದರೆ ಗೀಳಿನ ಥೆರಪಿ ಇನ್ನೂ ಶುರುವಾಗಿಲ್ಲ ಎಂದೇ ತಿಳಿಯಿರಿ. ಬೇಕಾದ್ದು ಇಆರ್‌ಪಿ: ಭಯ ಹುಟ್ಟಿಸುವುದನ್ನು ಬೇಕೆಂದೇ ಎದುರಿಸಿ, ಆಮೇಲೆ ತೊಳೆಯದೆ ಇರುವ ಅಭ್ಯಾಸ. ಭಯಕ್ಕೆ 100ರಲ್ಲಿ ಅಂಕ ಕೊಟ್ಟು ಮೆಟ್ಟಿಲು ಕಟ್ಟುತ್ತಾರೆ. ನಿಮ್ಮ ಮಗನಿಗಾದರೆ ಅಂಗಳದಲ್ಲಿ ನಿಂತು ಔಷಧಿ ಕೋಣೆ ನೋಡುವುದು 30, ಅದರ ಹೊರಚಿಲಕ ಮುಟ್ಟುವುದು 50, ಚಿಲಕ ಮುಟ್ಟಿದ ಕೈಯನ್ನು ತನ್ನ ಹಾಸಿಗೆಗೆ ಒರೆಸುವುದು 80 ಆಗಬಹುದು. ಮನೆಮಂದಿಯೆಲ್ಲ ದಿನವೂ ಮುಟ್ಟುವ ವಸ್ತುವಷ್ಟೇ ಸಾಕು, ನಿಜವಾದ ಕೀಟನಾಶಕ ಖಂಡಿತ ಬೇಡ. ಔಷಧಿ ಹೊಡೆದ ದಿನ ಎಲ್ಲರಂತೆ ಅವನೂ ಒಮ್ಮೆ ಸೋಪು ಹಾಕಿ ತೊಳೆಯಲಿ. ಬಿಡಬೇಕಾದ್ದು ಆಮೇಲಿನ ತೊಳೆತಗಳನ್ನು.

ಇನ್ನು ಟಿಎಂಎಸ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಗೀಳಿಗೆ ಒಪ್ಪಿದ್ದು, ಮಿಡಿತವನ್ನು ಮೆದುಳಿನ ಇನ್ನಷ್ಟು ಆಳಕ್ಕೆ ತಲುಪಿಸುವ ‘ಡೀಪ್ ಟಿಎಂಎಸ್’. ಸೆಕೆಂಡಿಗೆ 20ರಂತೆ (20 ಹರ್ಟ್ಸ್) 2 ಸೆಕೆಂಡ್ ಮಿಡಿತ, 20 ಸೆಕೆಂಡ್ ಬಿಡುವು, ಹೀಗೆ 50 ಸಲ. ಸುಮಾರು 18 ನಿಮಿಷ. ಆರು ವಾರಗಳಲ್ಲಿ 29 ಸಿಟ್ಟಿಂಗ್. ಅದರ ಮುಖ್ಯ ಪ್ರಯೋಗದಲ್ಲಿ ಗೀಳಿನ ತೀವ್ರತೆ ಅಳೆಯುವ ಅಂಕ ಶೇ 30ರಷ್ಟಾದರೂ ಇಳಿದವರು ಶೇ 38. ಹುಸಿ ಚಿಕಿತ್ಸೆ ಪಡೆದವರಲ್ಲಿ ಶೇ 11. ಲಾಭ ನಿಜ, ಆದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಅಷ್ಟು ಇಳಿಯಲಿಲ್ಲ. ಥೆರಪಿ ಬಿಡಬೇಡಿ ಎನ್ನುವುದು ಇದಕ್ಕೇ.

ಆ ವಿಧಾನದಲ್ಲಿ ಪ್ರತಿ ಸಿಟ್ಟಿಂಗ್‌ಗೂ ಮುನ್ನ ಕೆಲ ನಿಮಿಷ ರೋಗಿಯ ಗೀಳನ್ನು ಬೇಕೆಂದೇ ಕೆರಳಿಸುತ್ತಾರೆ, ಆ ಮೆದುಳ ಜಾಲ ಚುರುಕಾಗಿರುವಾಗಲೇ ಮಿಡಿತ ತಾಗಲಿ ಎಂದು. ಕೆಡುವುದೂ ಇಲ್ಲೇ. ಕೆಲವರು ಒಳಗೊಳಗೇ ಜಪ ಮಾಡಿ, ಪ್ಯಾಂಟಿಗೆ ಕೈ ಒರೆಸಿ ಆತಂಕ ಇಳಿಸಿಕೊಂಡುಬಿಡುತ್ತಾರೆ. ಹಾಗೆ ಮಾಡಿದರೆ ಮುಚ್ಚಿಡದೆ ಹೇಳಲು ಮಗನಿಗೆ ತಿಳಿಸಿ. ಆ ಕೆಲ ನಿಮಿಷಗಳು ಇಆರ್‌ಪಿಗೆ ಬದಲಿಯಲ್ಲ. ಎರಡನ್ನೂ ಯಾವ ಕ್ರಮದಲ್ಲಿ ಸೇರಿಸಿದರೆ ಹೆಚ್ಚು ಲಾಭ ಎಂಬ ಅಧ್ಯಯನಗಳು ಇನ್ನೂ ನಡೆಯುತ್ತಿವೆ. ನಮ್ಮ ಸಲಹೆ: ಮೆಟ್ಟಿಲು ಮೊದಲೇ ಕಟ್ಟಿಕೊಂಡು ಹೋಗಿ, ಆ ಆರು ವಾರವೂ ದಿನಕ್ಕೊಂದು ಗಂಟೆ ಅಭ್ಯಾಸ ನಡೆಯಲಿ, ಮುಗಿದ ಮೇಲೂ ನಿಲ್ಲದಿರಲಿ.

ಪ್ರಶ್ನೆ: ಟಿಎಂಎಸ್‌ಗೆ ಹಾಸನದಿಂದ ದಿನಾ ಬೆಂಗಳೂರಿಗೆ ಹೋಗಿ ಬರಬಹುದೇ? ಆನ್‌ಲೈನ್‌ನಲ್ಲಿ ಸಿಗುವ ಕರೆಂಟ್ ಯಂತ್ರ ಮನೆಯಲ್ಲೇ ಬಳಸಬಹುದೇ?
– ಹಾಸನದ ಓದುಗರು

ಉತ್ತರ: ವಾರಕ್ಕೆ ಐದು ದಿನ ಆ ಓಡಾಟ ಬೇಡ. ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಾಧ್ಯತೆ ಹೆಚ್ಚುತ್ತದೆ. ಟಿಎಂಎಸ್‌ನಲ್ಲಿ ಅದು ಅಪರೂಪ, ಆದರೂ ಅಲ್ಲೇ ಉಳಿದುಕೊಳ್ಳುವುದು ಲೇಸು. ಮದ್ಯವೂ ಬೇಡ. ಹಿಂದೆ ಫಿಟ್ಸ್ ಬಂದಿದ್ದರೆ, ತಲೆಯಲ್ಲಿ ಲೋಹದ ಕ್ಲಿಪ್, ಕಿವಿ ಕೇಳಿಸಲು ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಅಥವಾ ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ನೀವು ಕೇಳಿದ ಯಂತ್ರ ಟಿಡಿಸಿಎಸ್, ತಲೆಗಿಟ್ಟ ಒದ್ದೆ ಸ್ಪಂಜಿನ ಮೂಲಕ ಮೆದುಳಿಗೆ ಸಣ್ಣ ಕರೆಂಟ್ ಹರಿಸುವಂಥದ್ದು. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ 2 ಮಿಲಿಆಂಪಿಯರ್, 20 ನಿಮಿಷ ಕೊಡುತ್ತಾರೆ. ಸ್ಪಂಜು ಒಣಗಿದರೆ ಚರ್ಮ ಸುಡುತ್ತದೆ, ಜಾಗ ತಪ್ಪಿದರೆ ಬೇರೆಯೇ ಭಾಗಕ್ಕೆ ಹರಿಯುತ್ತದೆ. ಕೊಂಡು ತಂದು ಹಚ್ಚಿಕೊಳ್ಳಬೇಡಿ. ಇಆರ್‌ಪಿಯನ್ನಾದರೆ ವೀಡಿಯೊ ಕರೆಯಲ್ಲೂ ಮುಂದುವರಿಸಬಹುದು. ಗೀಳು ಕಾಡುವುದು ಮನೆಯಲ್ಲೇ ಆದ್ದರಿಂದ ಅದು ಅನುಕೂಲವೇ. ಮೊದಲ ಹೆಜ್ಜೆಗೆ ಹಾಸನ ವೈದ್ಯಕೀಯ ಕಾಲೇಜಿನ ಮನೋವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಉಚಿತ.

ಪ್ರಶ್ನೆ: ‘ಕೈ ಶುದ್ಧ ಆಯ್ತಾ?’ ಎಂದು ಮಗಳು ನೂರು ಸಲ ಕೇಳುತ್ತಾಳೆ. ಏನು ಹೇಳಲಿ?
– ಅರಸೀಕೆರೆಯ ಓದುಗರು

ಉತ್ತರ: ‘ಆಯ್ತು’ ಎನ್ನುವುದೂ ಅವಳ ಗೀಳಿನ ಭಾಗವೇ ಆಗಿಬಿಟ್ಟಿದೆ. ಒಮ್ಮೆಲೇ ನಿಲ್ಲಿಸಿದರೆ ಜಗಳವಾಗುತ್ತದೆ. ಥೆರಪಿಸ್ಟ್ ಎದುರು ಅವಳೊಂದಿಗೆ ಮಾತಾಡಿ, ಈ ವಾರ ದಿನಕ್ಕೆ ಐದು ಉತ್ತರ, ಮುಂದಿನ ವಾರ ಎರಡು ಎಂದು ಒಪ್ಪಿಕೊಳ್ಳಿ. ಮಿಕ್ಕ ಸಲ ‘ಕಷ್ಟವಾಗ್ತಿದೆ ಅಂತ ಗೊತ್ತು, ಉತ್ತರ ಮಾತ್ರ ಹೇಳಲ್ಲ’ ಎಂದು ಮೆಲ್ಲಗೆ ಹೇಳಿ, ಪಕ್ಕದಲ್ಲೇ ಕುಳಿತಿರಿ. ಅಜ್ಜಿ, ಅಪ್ಪ ಎಲ್ಲರೂ ಇದನ್ನೇ ಪಾಲಿಸಬೇಕು. ಒಬ್ಬರು ಉತ್ತರಿಸಿದರೂ ಅವಳು ಅವರನ್ನೇ ಹುಡುಕಿ ಹೋಗುತ್ತಾಳೆ.